ಒಡೆದ ಮೇಳ, ಉಳಿದ ರಾತ್ರಿಗಳು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ಅಲ್ಲಿನ ಸೋಮೇಶ್ವರ ಗುಡಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಬರುವುದಿಲ್ಲ. ಬಾಗಿಲ ಎರಡೂ ಬದಿಗೆ ಎತ್ತರದ ಕಲ್ಲಿನ ತಡಿಕೆಗಳಿವೆ. ಅವುಗಳ ಮೇಲೆ ರಾಮಾಯಣ, ಮಹಾಭಾರತಗಳ ಕತೆಯನ್ನು ಸಾಲು ಸಾಲಾಗಿ ಕೆತ್ತಲಾಗಿದೆ. ಬಂದಳಿಕೆ ಒಂದು ಕಾಲಕ್ಕೆ ನಾಗರಖಂಡದ ದೊಡ್ಡ ಪಟ್ಟಣ. ಪಟ್ಟಣ ಹೋಯಿತು, ಶಾಂತಿನಾಥ ಬಸದಿ, ತ್ರಿಮೂರ್ತಿ ಗುಡಿ, ಶಾಸನದ ಕಲ್ಲುಗಳು ಮತ್ತು ಈ ತಡಿಕೆಯ ಮೇಲಿನ ಕತೆ ಉಳಿದವು. ಶಿಲ್ಪಿ ಒಮ್ಮೆ ಹೇಳಿದ್ದನ್ನು ಕಲ್ಲು ಏಳೆಂಟು ನೂರು ವರ್ಷಗಳಿಂದ ಹಾಗೆಯೇ ಹೇಳುತ್ತಿದೆ. ರಾಮ ಎತ್ತಿದ ಬಿಲ್ಲು ಎತ್ತಿದಂತೆಯೇ ಇದೆ.

ಇದೇ ಕತೆಗಳು ಇಲ್ಲಿಂದ ಪಶ್ಚಿಮಕ್ಕೆ, ಸೊರಬ ಸಾಗರಗಳ ಕಡೆ ಹೋದರೆ, ರಾತ್ರಿ ಹೊತ್ತು ಬೇರೆ ರೀತಿಯಲ್ಲಿ ಸಿಗುತ್ತವೆ. ಮಳೆಗಾಲ ಮುಗಿದ ಮೇಲೆ ಕರಾವಳಿಯ ಯಕ್ಷಗಾನ ಮೇಳಗಳು ಘಟ್ಟ ಹತ್ತಿ ಬರುತ್ತವೆ. ಭಾಗವತ ಪ್ರಸಂಗದ ಪದ್ಯ ಹಾಡುತ್ತಾನೆ. ಪದ್ಯ ಮಾತ್ರ ಬರೆದಿಟ್ಟದ್ದು. ವೇಷಧಾರಿ ಅದಕ್ಕೆ ಹೇಳುವ ಅರ್ಥ ಆ ಹೊತ್ತಿಗೆ ಹುಟ್ಟಿದ ಮಾತು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ಮಾತೇ ಎಲ್ಲ. ವಾಲಿಗೆ ಬಾಣ ತಗಲಿದೆ. ‘ಮರೆಯಲ್ಲಿ ನಿಂತು ಏಕೆ ಹೊಡೆದೆ?’ ಎಂದು ಅವನು ಕೇಳಬೇಕು, ರಾಮ ಉತ್ತರ ಹೇಳಬೇಕು. ಏನು ಹೇಳಬೇಕೆಂದು ಇಬ್ಬರಿಗೂ ಯಾರೂ ಬರೆದುಕೊಟ್ಟಿಲ್ಲ. ಒಂದು ರಾತ್ರಿ ರಾಮ ಗೆಲ್ಲುತ್ತಾನೆ, ಇನ್ನೊಂದು ರಾತ್ರಿ ಸಾಯುತ್ತಿರುವ ವಾಲಿಯೇ ಗೆದ್ದಂತೆ ಕಾಣುತ್ತದೆ. ಹಾಗಾಗಿ ಈ ಕಲೆಯ ಅಭಿಮಾನಿಗಳು ಪ್ರಸಂಗದ ಹೆಸರನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಯಾವ ಊರು, ಯಾವ ವರ್ಷ, ಎದುರಿಗೆ ಯಾರಿದ್ದರು ಎಂಬುದನ್ನೂ ಸೇರಿಸಿಯೇ ಹೇಳುತ್ತಾರೆ. ಅವರ ಪ್ರೀತಿ ಇರುವುದು ರಾತ್ರಿಗಳ ಮೇಲೆ.

ಇಂಥ ಅಭಿಮಾನಿಗಳ ನಡುವೆ ನಾವು ಬಹಳ ಸಲ ಕೂತಿದ್ದೇವೆ. ಚಹಾದಂಗಡಿಯ ಬೆಂಚಿನ ಮೇಲೆ ಅಡಿಕೆ ದರದ ಮಾತು ಮುಗಿದರೆ ಮೇಳದ ಮಾತು ಶುರುವಾಗುತ್ತದೆ. ಅದು ಕೊನೆಗೆ ಬಂದು ನಿಲ್ಲುವುದು ಹೆಚ್ಚಾಗಿ ಒಂದೇ ಹೆಸರಿನಲ್ಲಿ. “ಸಾಹೇಬ್ರೇ, ಕಾಳಿಂಗ ನಾವಡರು ಹೋದ ದಿನವೇ ಮೇಳ ಮುಗೀತು ಮಾರಾಯ್ರೆ. ಈಗ ಇರೋದು ಬರೀ ಡೇರೆ” ಎಂದು ಹಿರಿಯರೊಬ್ಬರು ಒಮ್ಮೆ ಹೇಳಿದರು. ಗುಂಡ್ಮಿ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದ ಭಾಗವತರು. ಬಡಗುತಿಟ್ಟಿನ ಹಾಡುಗಾರಿಕೆಯನ್ನು ಎಳೆಯ ವಯಸ್ಸಿನಲ್ಲೇ ತಮ್ಮ ಕಡೆಗೆ ತಿರುಗಿಸಿಕೊಂಡವರು, ‘ನಾಗಶ್ರೀ’ಯಂಥ ಜನಪ್ರಿಯ ಪ್ರಸಂಗವನ್ನು ಬರೆದವರು. 1990ರ ಮೇ 27ರಂದು, ತಿರುಗಾಟದ ಕೊನೆಯ ದಿನಗಳಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೂವತ್ತೆರಡರ ಆಸುಪಾಸಿನ ವಯಸ್ಸು. ಅವರ ಕ್ಯಾಸೆಟ್ಟುಗಳು ಅವರಿಗಿಂತ ಹೆಚ್ಚು ಕಾಲ ಬದುಕಿದವು. ಟೇಪು ಸವೆದ ಮೇಲೆ ಸಿ.ಡಿ.ಗೆ ಹೋದವು, ಆಮೇಲೆ ಮೊಬೈಲಿಗೆ ಬಂದವು.

ಮೇಳ ಮುಗಿಯಿತು ಎಂಬ ಮಾತು ಲೆಕ್ಕದಲ್ಲಿ ತಪ್ಪು. ಸಾಲಿಗ್ರಾಮ ಮೇಳ 1990ರ ನಂತರವೂ ತಿರುಗಾಟ ಮಾಡಿತು, ಹೊಸ ಭಾಗವತರು ಬಂದರು, ಜನರೂ ಬಂದರು. ಆದರೂ ಆ ಹಿರಿಯರು ಸುಳ್ಳು ಹೇಳಿದರೆಂದು ನಮಗೆ ಅನಿಸಲಿಲ್ಲ. ಅವರು ಹೇಳಿದ್ದು ತಮ್ಮ ದುಃಖದ ಗಾತ್ರವನ್ನು. ಆದರೆ ದುಃಖದಲ್ಲಿ ಹುಟ್ಟಿದ ಈ ಮಾತೇ ಮುಂದೆ ಕಲೆಯ ಚರಿತ್ರೆಯಾಗಿ ಕೂತುಬಿಡುತ್ತದೆ. ಅದನ್ನು ಸ್ವಲ್ಪ ಪರೀಕ್ಷಿಸಬೇಕೆಂದೇ ಈ ಲೇಖನ.

ಇದು ನಮ್ಮ ಕಡೆಯ ಕಾಯಿಲೆ ಮಾತ್ರವಲ್ಲ. ಅಮೆರಿಕದಲ್ಲಿ 1965ರಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಎಂಬ ವಾದ್ಯತಂಡವೂ ಹೀಗೆಯೇ ಇತ್ತು. ಒಂದು ರಾತ್ರಿ ನುಡಿಸಿದ್ದನ್ನು ಇನ್ನೊಂದು ರಾತ್ರಿ ಹಾಗೆಯೇ ನುಡಿಸುತ್ತಿರಲಿಲ್ಲ. ಒಂದೇ ಹಾಡು ಐದು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಅಭಿಮಾನಿಗಳು ಊರಿಂದೂರಿಗೆ ಅವರ ಹಿಂದೆ ಹೋಗಿ ಟೇಪಿಗೆ ಹಿಡಿದುಕೊಂಡರು, ಪರಸ್ಪರ ಹಂಚಿಕೊಂಡರು. ತಂಡವೇ 1984ರಿಂದ ಅಂಥವರಿಗೆ ಕೂರಲು ಪ್ರತ್ಯೇಕ ಜಾಗ ಕೊಟ್ಟಿತು. 1995ರ ಆಗಸ್ಟಿನಲ್ಲಿ ಜೆರ್ರಿ ಗಾರ್ಸಿಯಾ ತೀರಿಕೊಂಡರು. ಉಳಿದವರು ಅದೇ ವರ್ಷದ ಕೊನೆಗೆ ಆ ಹೆಸರಿನಲ್ಲಿ ಇನ್ನು ನುಡಿಸುವುದಿಲ್ಲವೆಂದು ತೀರ್ಮಾನಿಸಿದರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ನುಡಿಸಿದ ರಾತ್ರಿಯೇ ಶ್ರೇಷ್ಠವೋ, ಬೇರೊಂದು ರಾತ್ರಿಯೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಚಹಾದಂಗಡಿಯ ಬೆಂಚು ಎಲ್ಲ ದೇಶದಲ್ಲೂ ಇದೆಯೆಂದಾಯಿತು.

ಈ ಜಗಳ ಒಳ್ಳೆಯದೇ. ವಿಮರ್ಶಕ ಬರುವ ಮೊದಲೇ ಕಲೆಯನ್ನು ತೂಗಿ ನೋಡಿದವನು ಅಭಿಮಾನಿ. ನಮ್ಮ ತಕರಾರು ಇರುವುದು ಆ ತಕ್ಕಡಿಯಲ್ಲಿ ಅವನು ಏನನ್ನು ಇಡುತ್ತಾನೆ ಎಂಬುದರಲ್ಲಿ. ನಾವಡರ ಕ್ಯಾಸೆಟ್ಟನ್ನು ಕೇಳುತ್ತ ‘ಆಹಾ’ ಎನ್ನುವವರನ್ನು ನಾವು ಕೇಳಿ ನೋಡಿದ್ದೇವೆ: ಇದರಲ್ಲಿ ಮದ್ದಳೆ ಯಾರದು? ಚಂಡೆ ಯಾರದು? ಹತ್ತರಲ್ಲಿ ಒಂಬತ್ತು ಮಂದಿಗೆ ಗೊತ್ತಿರುವುದಿಲ್ಲ. ಭಾಗವತ ಆಲಾಪವನ್ನು ಇನ್ನೂ ಒಂದು ಸುತ್ತು ಎಳೆದದ್ದು ಮದ್ದಳೆಯವನು ದಾರಿ ಬಿಟ್ಟುಕೊಟ್ಟದ್ದರಿಂದ. ಅದೇ ಪದ್ಯವನ್ನು ಮತ್ತೊಮ್ಮೆ ಎತ್ತಿದ್ದು ರಂಗದಲ್ಲಿದ್ದ ವೇಷಧಾರಿಯ ಕಾಲು ಇನ್ನೂ ದಣಿದಿಲ್ಲವೆಂದು ಕಂಡದ್ದರಿಂದ. ಇವರ ಜೊತೆಗೆ ನಡುರಾತ್ರಿಯಲ್ಲೂ ಕಣ್ಣು ಮುಚ್ಚದೆ ಕೂತಿದ್ದ ನೂರಾರು ಜನ. ಇಷ್ಟೂ ಸೇರಿದಾಗ ಹಿಮ್ಮೇಳ, ಮುಮ್ಮೇಳ, ಮೇಳ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮಾತ್ರ ಒಂದೇ ಮುಖ ಇರುತ್ತದೆ.

ಉರ್ದುವಿನಲ್ಲಿ ಓದಿದ ನಮಗೆ ಇಲ್ಲಿ ಒಂದು ಮಾತು ನೆನಪಾಗುತ್ತದೆ. ಕವ್ವಾಲಿಯ ಪೋಸ್ಟರುಗಳಲ್ಲಿ ಮುಖ್ಯ ಗಾಯಕನ ಹೆಸರಿನ ಮುಂದೆ ‘ಔರ್ ಹಮ್‌ನವಾ’ ಎಂದು ಹಾಕುವ ಪದ್ಧತಿ ಇತ್ತು. ಹಮ್‌ನವಾ ಎಂದರೆ ದನಿಗೆ ದನಿ ಕೂಡಿಸುವವರು. ಕವ್ವಾಲಿಯೂ ಆಶುವಾಗಿ ಬೆಳೆಯುವ ಕಲೆ. ಹಾಡುತ್ತಿರುವ ಕಲಾಮಿನ ನಡುವೆ ಬೇರೆ ಕವಿಯ ಶೇರ್ ತಂದು ಗಂಟು ಹಾಕುವುದಕ್ಕೆ ‘ಗಿರಹ್’ ಎನ್ನುತ್ತಾರೆ. ಗಂಟು ಎಲ್ಲಿ ಬೀಳುತ್ತದೆಂದು ಹಮ್‌ನವಾಗಳಿಗೆ ಮೊದಲೇ ತಿಳಿದಿರುವುದಿಲ್ಲ. ತಿಳಿಯದೆಯೂ ಹಿಡಿಯುವುದೇ ಅವರ ವಿದ್ಯೆ. ನುಸ್ರತ್ ಫತೇ ಅಲಿ ಖಾನ್ 1997ರ ಆಗಸ್ಟ್ 16ರಂದು ತೀರಿಕೊಂಡಾಗ ಜಗತ್ತೇ ಅತ್ತಿತು. ಅವರ ಪಕ್ಕದಲ್ಲೇ ಕೂತು ಹಾರ್ಮೋನಿಯಂ ನುಡಿಸಿ, ಅವರು ಬಿಟ್ಟ ಸ್ವರವನ್ನು ನೆಲಕ್ಕೆ ಬೀಳದಂತೆ ಎತ್ತಿಕೊಳ್ಳುತ್ತಿದ್ದ ತಮ್ಮ ಫರ್ರುಖ್ ಫತೇ ಅಲಿ ಖಾನ್ 2003ರಲ್ಲಿ ಹೋದಾಗ ಎಷ್ಟು ಜನ ಗಮನಿಸಿದರು? ಗಮನಿಸದವರಲ್ಲಿ ನಾವೂ ಇದ್ದೆವು ಎಂದು ಒಪ್ಪಿಕೊಳ್ಳುತ್ತೇವೆ.

ಹೀಗೆ ನೋಡಿದರೆ ಮೇಳ ಎರಡು ಸಲ ಒಡೆಯುತ್ತದೆ. ಕಲಾವಿದರು ಬೇರೆಯಾದಾಗ ಅಥವಾ ತೀರಿಕೊಂಡಾಗ ಒಮ್ಮೆ. ಹತ್ತು ಹದಿನೈದು ಜನರ ರಾತ್ರಿಯನ್ನು ಅಭಿಮಾನಿ ಒಬ್ಬನ ಹೆಸರಿಗೆ ಬರೆದುಕೊಟ್ಟಾಗ ಇನ್ನೊಮ್ಮೆ. ಎರಡನೆಯದು ಕೆಲವೊಮ್ಮೆ ಮೊದಲನೆಯದಕ್ಕಿಂತ ಮುಂಚೆಯೇ ನಡೆದಿರುತ್ತದೆ. 2019ರ ನವೆಂಬರಿನಲ್ಲಿ ಕಟೀಲು ಮೇಳದ ತಿರುಗಾಟದ ಆರಂಭದ ರಾತ್ರಿಯಲ್ಲೇ ಭಾಗವತ ಪಟ್ಲ ಸತೀಶ ಶೆಟ್ಟಿಯವರು ರಂಗದಿಂದ ಇಳಿಯಬೇಕಾಗಿ ಬಂದದ್ದನ್ನು ಓದುಗರು ಮರೆತಿರಲಾರರು. ಅವರು ಮರುವರ್ಷ ಪಾವಂಜೆ ಮೇಳದಲ್ಲಿ ಹಾಡಿದರು. ಯಾರದು ಸರಿ, ಯಾರದು ತಪ್ಪು ಎಂಬುದು ನಮ್ಮ ವಿಷಯವಲ್ಲ. ಆದರೆ ಆ ದಿನಗಳಲ್ಲಿ ಅಭಿಮಾನಿಗಳು ಆಡಿದ ಮಾತುಗಳಲ್ಲಿ ಕಲೆಯ ಬಗ್ಗೆ ಇದ್ದದ್ದು ಕಡಿಮೆ. ಭಾಗವತರ ಪರ, ಆಡಳಿತದ ಪರ ಎಂದು ಎರಡು ಪಾಳಯಗಳಾದವು. ಅಂದು ರಂಗದಲ್ಲಿ ಉಳಿದು ಆಟವನ್ನು ಬೆಳಗಿನ ತನಕ ಸಾಗಿಸಬೇಕಾದವರ ಎದೆಯಲ್ಲಿ ಏನಿತ್ತೆಂದು ಕೇಳಿದವರು ನಮಗೆ ಹೆಚ್ಚು ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ನಿಮ್ಮ ರಾತ್ರಿ ಯಾವುದು?’ ಎಂದು ಓದುಗರು ಕೇಳುವುದು ನ್ಯಾಯ. ನಾವು ಎತ್ತಿಡುವುದು ಒಂದು ತೆಂಕುತಿಟ್ಟಿನ ಪಾತ್ರದ ರಾತ್ರಿಗಳನ್ನು: ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಬಪ್ಪ ಬ್ಯಾರಿ. ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ಯ ಕತೆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಹಡಗು ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ನಿಲ್ಲುತ್ತದೆ, ದೇವಿ ಕನಸಿನಲ್ಲಿ ಬರುತ್ತಾಳೆ, ಅವನು ಗುಡಿ ಕಟ್ಟಿಸುತ್ತಾನೆ. ಊರಿಗೆ ಅವನದೇ ಹೆಸರು. ಜಾತ್ರೆಯಲ್ಲಿ ಪ್ರಸಾದ ಮೊದಲು ಬ್ಯಾರಿಯ ಮನೆತನಕ್ಕೆ ಸಲ್ಲುವ ಸಂಪ್ರದಾಯವಿದೆ.

ಈ ಪಾತ್ರ ಎಷ್ಟು ಕಷ್ಟದ್ದೆಂದು ಯೋಚಿಸಿ. ನಮಾಜು ಮಾಡುವ ಮನುಷ್ಯ ಗುಡಿ ಕಟ್ಟಿಸುವುದು ಹೇಗೆ? ಅವನ ಜಮಾತಿನವರು ಕೇಳಿದರೆ ಏನೆಂದಾನು? ತನ್ನ ಈಮಾನನ್ನು ಬಿಡದೆ ಊರಿನ ದೇವಿಗೆ ಹೇಗೆ ಋಣಿಯಾದಾನು? ಈ ಪ್ರಶ್ನೆಗಳಿಗೆ ಪದ್ಯದಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ. ಅರ್ಥಧಾರಿ ಆ ರಾತ್ರಿ ತನ್ನೊಳಗಿಂದಲೇ ಹುಡುಕಿ ತರಬೇಕು. ಸುಲಭದ ದಾರಿಯೊಂದಿದೆ: ಬ್ಯಾರಿಯ ಕನ್ನಡವನ್ನು ತೊದಲಾಗಿಸಿ, ಗಡ್ಡ ನೀವಿಕೊಂಡು, ನಗಿಸಿಬಿಡುವುದು. ಯಕ್ಷಗಾನದಲ್ಲಿ ಮುಸ್ಲಿಂ ಪಾತ್ರವೆಂದರೆ ಹಾಸ್ಯಗಾರನ ಪಾಲು ಎಂಬಂತಹ ರಾತ್ರಿಗಳನ್ನೂ ನಾವು ನೋಡಿದ್ದೇವೆ. ಎಲ್ಲರೂ ನಗುತ್ತಿರುವಾಗ ನಗಬೇಕೋ ಬೇಡವೋ ತಿಳಿಯದೆ ಕೂತಿದ್ದೇವೆ. ಶೇಣಿಯವರು ಆ ದಾರಿ ಹಿಡಿಯದೆ ಬ್ಯಾರಿಯನ್ನು ಮರ್ಯಾದಸ್ಥ ವ್ಯಾಪಾರಿಯಾಗಿ, ದೇವರಿಗೆ ಹೆದರುವ ಮನುಷ್ಯನಾಗಿ ನಿಲ್ಲಿಸಿದರು ಎಂಬುದು ಕಂಡವರು ಹೇಳುವ ಮಾತು. ನಾವು ಮಲೆನಾಡಿನ ಉರ್ದು ಮನೆಯವರು. ಬ್ಯಾರಿ ಭಾಷೆ ನಮಗೂ ಅನ್ಯವೇ. ಆದರೂ ಆ ಪಾತ್ರದ ಸುದ್ದಿ ಘಟ್ಟ ಹತ್ತಿ ನಮ್ಮ ತನಕ ಬಂದಿತ್ತು. ನಮ್ಮವರಲ್ಲಿ ಕೆಲವರಿಗೆ ಈ ಕತೆಯೇ ಇರಿಸುಮುರಿಸು ಎಂಬುದನ್ನೂ ಬಲ್ಲೆವು. ಮುಸ್ಲಿಮನೊಬ್ಬ ಗುಡಿ ಕಟ್ಟಿಸಿದನೆಂದು ಹೆಮ್ಮೆಪಡಬೇಕೋ, ಮುಜುಗರಪಡಬೇಕೋ? ಆ ಇಕ್ಕಟ್ಟನ್ನು ಮುಚ್ಚಿಡದೆ ಮಾತಾಡಿಸುವುದೇ ಒಳ್ಳೆಯ ಅರ್ಥಧಾರಿಯ ಕೆಲಸ.

ನಮ್ಮ ವಾದದ ಮುಖ್ಯ ಮಾತು ಇಲ್ಲಿದೆ. ಬರೆದಿಟ್ಟ ನಾಟಕದಲ್ಲಿ ಪಾತ್ರದ ಮರ್ಯಾದೆಗೆ ಪುಸ್ತಕದ ಜಾಮೀನು ಇರುತ್ತದೆ. ಆಶುವಾಗಿ ಬೆಳೆಯುವ ಕಲೆಯಲ್ಲಿ ಆ ಜಾಮೀನಿಲ್ಲ. ಬಪ್ಪ ಬ್ಯಾರಿ ಮನುಷ್ಯನಾಗುವುದೂ ಗೇಲಿಯ ವಸ್ತುವಾಗುವುದೂ ಆ ರಾತ್ರಿಯ ಕಲಾವಿದನ ಕೈಯಲ್ಲಿದೆ. ಎದುರಿಗೆ ಕೂತವರ ಕೈಯಲ್ಲೂ ಇದೆ, ಏಕೆಂದರೆ ಯಾವ ಮಾತಿಗೆ ಚಪ್ಪಾಳೆ ಬೀಳುತ್ತದೋ ಅದೇ ಮಾತು ಮರುರಾತ್ರಿ ಬೆಳೆಯುತ್ತದೆ. ಆದ್ದರಿಂದ ಒಂದು ತಲೆಮಾರು ಹೋದಾಗ ಯಾವ ರಾತ್ರಿಗಳನ್ನು ನೆನಪಿಡುತ್ತೇವೆ ಎಂಬುದು ಬರೀ ಹಳಹಳಿಕೆಯ ವಿಷಯವಲ್ಲ. ಮುಂದಿನವನು ಕಲಿಯುವುದು ಆ ನೆನಪಿನಿಂದಲೇ.

2022ರ ಮಾರ್ಚಿನಲ್ಲಿ ನಮ್ಮದೇ ಜಿಲ್ಲೆಯ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲವೆಂಬ ಮಾತು ಬಂತು. ಅದು ಕರಾವಳಿಯ ಜಾತ್ರೆಗಳಿಗೂ ಹರಡಿ, ಬಪ್ಪನಾಡಿನಲ್ಲೂ ಅಂಥ ಫಲಕ ಎದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮುಸ್ಲಿಂ ವ್ಯಾಪಾರಿಯ ಹೆಸರು ಹೊತ್ತ ಊರಿನಲ್ಲಿ ಮುಸ್ಲಿಂ ವ್ಯಾಪಾರಿಗೆ ಜಾಗವಿಲ್ಲ! ಅಂದು ಹಲವರು ಬಪ್ಪ ಬ್ಯಾರಿಯ ಕತೆಯನ್ನು ನೆನಪಿಸಿದರು. ಆ ಕತೆ ಅಷ್ಟು ಜನರಿಗೆ ಬಾಯಿಪಾಠವಾಗಿ ಇದ್ದದ್ದರಲ್ಲಿ ಯಕ್ಷಗಾನದ ರಾತ್ರಿಗಳ ಪಾಲು ದೊಡ್ಡದು. ಕತೆ ನೆನಪಿದ್ದೂ ಫಲಕ ಎದ್ದಿತಲ್ಲ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಕಲೆ ಅಂಗಡಿಯ ಪರವಾನಗಿ ಕೊಡಿಸುವುದಿಲ್ಲ. ಆದರೆ ನಾಚಿಕೆಯಾಗಬೇಕಾದಲ್ಲಿ ನಾಚಿಕೆಯಾಗುವಷ್ಟು ನೆನಪನ್ನು ಅದು ಉಳಿಸಿತ್ತು.

ದಾಟುವಿಕೆ ಒಂದೇ ದಿಕ್ಕಿನದಲ್ಲ. ಸಂಪಾಜೆಯ ಜಬ್ಬಾರ್ ಸಮೊ ಅವರು ತಾಳಮದ್ದಳೆಯಲ್ಲಿ ಹೆಸರಾದ ಅರ್ಥಧಾರಿ. ಮುಸ್ಲಿಮರೊಬ್ಬರು ಪುರಾಣದ ಪಾತ್ರವಾಗಿ ಕೂತು ಎದುರಾಳಿಯೊಂದಿಗೆ ವಾದಕ್ಕಿಳಿದಾಗ ಸಭೆ ಕೇಳುವುದು ಅವರ ಜಾತಿಯನ್ನಲ್ಲ, ವಾದದ ಬಲವನ್ನು. ಇಂಥ ಸಂಜೆಗಳೂ ಅಭಿಮಾನಿಯ ಪಟ್ಟಿಯಲ್ಲಿ ಇರಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಮನೆಯಲ್ಲಿ ಹಳೆಯ ಕ್ಯಾಸೆಟ್ಟು ಇದ್ದವರು ಅದನ್ನು ಮೊಬೈಲಿಗೆ ಇಳಿಸುವಾಗ ಭಾಗವತರ ಹೆಸರಿನ ಕೆಳಗೆ ಮದ್ದಳೆ, ಚಂಡೆಯವರ ಹೆಸರನ್ನೂ ಬರೆಯಲಿ. ಗೊತ್ತಿಲ್ಲದಿದ್ದರೆ, ಗೊತ್ತಿರುವ ಹಿರಿಯರು ಬದುಕಿರುವಾಗಲೇ ಕೇಳಿಕೊಳ್ಳಲಿ. ಊರು, ವರ್ಷ, ಎದುರಿಗೆ ಯಾರಿದ್ದರು ಎಂಬುದನ್ನು ಸೇರಿಸಲಿ. ಬಂದಳಿಕೆಯ ಶಿಲ್ಪಿಗೆ ಈ ಚಿಂತೆ ಇರಲಿಲ್ಲ, ಅವನ ಕತೆ ಕಲ್ಲಿನಲ್ಲಿತ್ತು. ಮೇಳದ ಕತೆ ಇರುವುದು ಕೇಳಿದವರ ತಲೆಯಲ್ಲಿ.

ಆ ಚಹಾದಂಗಡಿಯ ಹಿರಿಯರಿಗೆ ನಾವು ಅಂದು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಅವತ್ತು ಮದ್ದಳೆ ಬಾರಿಸಿದವ್ರೂ ಸಾಮಾನ್ಯದವರಲ್ಲ ಸಾಹೇಬ್ರೇ, ಹೆಸರು ಮಾತ್ರ ಮರೆತುಹೋಯ್ತು” ಎಂದರು. ಪಕ್ಕದ ಬೆಂಚಿನವರೊಬ್ಬರು ಒಂದು ಹೆಸರು ಹೇಳಿದರು. ಅಲ್ಲ, ಅವರಲ್ಲ ಎಂದರು ಇನ್ನೊಬ್ಬರು. ನಮ್ಮ ಬಸ್ಸು ಬರುವ ತನಕ ಆ ಹೆಸರಿನ ಹುಡುಕಾಟವೇ ನಡೆದಿತ್ತು.