ಸಹಿ ನೋಡಿ ಬಿಡುವ ಬಾಗಿಲು

ಪೀಣ್ಯದ ಕಾರ್ಖಾನೆಯ ಗೇಟಿನಲ್ಲಿ ಲಾರಿ ನಿಂತರೆ ಸೆಕ್ಯುರಿಟಿಯವರು ಗೇಟ್ ಪಾಸಿನ ಸಹಿ, ಸೀಲು, ತಾರೀಖು ನೋಡಿ ಬಿಡುತ್ತಾರೆ. ಪ್ರತಿ ಲಾರಿಗೂ ಆಫೀಸಿಗೆ ಫೋನ್ ಮಾಡುತ್ತ ಕೂತರೆ ಸಾಲು ತುಮಕೂರು ರಸ್ತೆ ಮುಟ್ಟೀತು.

ವೈಟ್‌ಫೀಲ್ಡಿನಲ್ಲಿ ಕೂತು ನಾವು ಬರೆಯುವ ಕೋಡಿನಲ್ಲೂ ಅದೇ ಜಾಣತನವಿದೆ: ಜೇಸನ್ ವೆಬ್ ಟೋಕನ್. 2015ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 7519 ಎಂಬ ಇಂಟರ್ನೆಟ್ ಮಾನಕವಾಗಿ ಪ್ರಕಟವಾದದ್ದು. ಚುಕ್ಕಿಯಿಟ್ಟು ಬಿಡಿಸಿದ ಮೂರು ತುಂಡು: ಸಹಿಯ ಬಗೆ, ಬಂದವರ ವಿವರ, ಕೊನೆಗೆ ಸಹಿ. ಪಾಸ್‌ವರ್ಡ್ ಕೇಳುವುದು ಒಂದೇ ಸಲ, ಸರಿಯಿದ್ದರೆ ಈ ಟೋಕನ್ ಪಾಸಿನಂತೆ ಕೈಗೆ ಸಿಗುತ್ತದೆ. ಆಮೇಲೆ ಸರ್ವರ್ ಪ್ರತಿ ಸಲ ಡೇಟಾಬೇಸಿನ ಬಾಗಿಲು ತಟ್ಟಬೇಕಿಲ್ಲ. ಅವಧಿ ಮುಗಿದಿಲ್ಲವೆಂದು ನೋಡಿ, ಸಹಿ ತಾಳೆ ನೋಡಿದರೆ ಸಾಕು. ವಿವರದಲ್ಲಿ ಒಂದಕ್ಷರ ತಿದ್ದಿದರೂ ತಾಳೆಯಾಗದು. ಎಷ್ಟು ಸಲ ನೋಡಿದರೂ ಈ ಅಚ್ಚುಕಟ್ಟು ನನಗೆ ಹಿಡಿಸುತ್ತದೆ.

ವಿವರಕ್ಕೆ ಮುಚ್ಚುಮರೆಯಿಲ್ಲ, ಯಾರು ಬೇಕಾದರೂ ಓದಬಹುದು. ಗುಟ್ಟನ್ನು ಅದರಲ್ಲಿ ಇಡಬಾರದು. ಒಳಗೆ ಬಿಟ್ಟ ಮಾತ್ರಕ್ಕೆ ಸ್ಟೋರಿನ ಬೀಗದ ಕೈಯನ್ನೂ ಕೊಟ್ಟಂತಲ್ಲ. ಯಾರು ಏನು ಮಾಡಬಹುದು ಎಂಬುದನ್ನು ಪ್ರತಿ ಕೋರಿಕೆಗೂ ಬೇರೆಯಾಗಿಯೇ ನೋಡಬೇಕು.

ಕೊಟ್ಟ ಪಾಸನ್ನು ನಡುವೆ ಕಿತ್ತುಕೊಳ್ಳುವುದು ಮಾತ್ರ ಕಷ್ಟ. ಅದಕ್ಕೇ ಆಯುಸ್ಸು ಹದಿನೈದು ನಿಮಿಷವಷ್ಟೇ ಇಡುವುದು ನನ್ನ ರೂಢಿ. ಹೊಸದು ಬೇಕಾದಾಗ, ಅದಕ್ಕೆಂದೇ ಕೊಟ್ಟಿರುವ ರಿಫ್ರೆಶ್ ಟೋಕನ್ ತೋರಿಸಬೇಕು. ಆಗ ಮಾತ್ರ ಸರ್ವರ್ ಡೇಟಾಬೇಸ್ ಎಂಬ ರಿಜಿಸ್ಟರ್ ತೆಗೆದು ನೋಡುತ್ತದೆ.