ಷರಾ ಕಲಂ ಇಲ್ಲದ ಅರ್ಜಿ

ಕಾಫಿ ತೋಟದ ರೈಟರಿಗೆ ಡೇಟಾಬೇಸ್ ಎಂಬ ಪದ ಹೊಸದಿರಬಹುದು, ಕೆಲಸವಂತೂ ಹಳೆಯದು. ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ ಆಳುಗಳ ಹಾಜರಿ, ಸಂಜೆ ಅದೇ ಹಾಜರಿ ಚಿಗುರು ತೆಗೆದದ್ದಕ್ಕೆ ಎಷ್ಟು, ಗೊಬ್ಬರ ಹಾಕಿದ್ದಕ್ಕೆ ಎಷ್ಟು ಎಂದು ಬಾಬ್ತುವಾರು ಹಂಚಿಕೆ, ವಾರದ ಕೊನೆಗೆ ಬಟವಾಡೆ. ಒಂದು ಕಡೆ ಬರೆದದ್ದು ಮತ್ತೊಂದು ಕಡೆ ತಪ್ಪದೆ ಹೋಗಿ ಕೂರಬೇಕು. ಆ ಪುಸ್ತಕದ ಬಲಗಡೆ ಕೊನೆಗೆ ‘ಷರಾ’ ಎಂಬ ಸಣ್ಣ ಕಲಂ ಇರುತ್ತಿತ್ತು. ‘ಮಳೆ, ಅರ್ಧ ದಿನ’ ಎಂದೋ ‘ಅಕ್ಕನ ಬದಲಿಗೆ ತಂಗಿ ಬಂದಿದ್ದಾಳೆ’ ಎಂದೋ ಗೀಚಲು ಅಷ್ಟು ಜಾಗ ಸಾಕಿತ್ತು.

ಇವತ್ತು ಮೂಡಿಗೆರೆ, ಕಳಸದ ಬೆಳೆಗಾರ ತುಂಬುವ ಆನ್‌ಲೈನ್ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಆ ಕಲಂ ಇಲ್ಲ.

ಹಾಗೆಂದು ಈ ವ್ಯವಸ್ಥೆಯನ್ನು ಹಳಿಯುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಕರ್ನಾಟಕ 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಲ್ಲಿ 67 ಲಕ್ಷದಷ್ಟು ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೆ ಮೊದಲು ಪಹಣಿ ಎಂದರೆ ಗ್ರಾಮಲೆಕ್ಕಿಗರ ಕೈಬರಹ, ಅವರು ಸಿಕ್ಕ ದಿನ ಸಿಕ್ಕಿದಷ್ಟು. ಆಮೇಲೆ ಬಂದ ‘ಫ್ರೂಟ್ಸ್’ ತಂತ್ರಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರೈತ ಒಮ್ಮೆ ನೋಂದಾಯಿಸಿಕೊಂಡು ಎಫ್‌ಐಡಿ ಸಂಖ್ಯೆ ಪಡೆದರೆ, ಸರ್ವೆ ನಂಬರ್ ಕೊಟ್ಟ ಕೂಡಲೇ ಜಮೀನಿನ ವಿವರ ಭೂಮಿಯ ಕಣಜದಿಂದ ತಾನಾಗಿ ಬಂದು ಅರ್ಜಿಯಲ್ಲಿ ಕೂರುತ್ತದೆ. ಬ್ಯಾಂಕಿಗೊಂದು, ತೋಟಗಾರಿಕೆ ಇಲಾಖೆಗೊಂದು ಎಂದು ಪಹಣಿಯ ಕಂತೆ ಹೊರುವುದು ಕಡಿಮೆಯಾಯಿತು. 2023ರ ಬರ ಪರಿಹಾರ ಹಂಚುವಾಗ ಸರ್ಕಾರ ನೆಚ್ಚಿಕೊಂಡಿದ್ದೂ ಫ್ರೂಟ್ಸ್ ದತ್ತಾಂಶವನ್ನೇ. ಅರ್ಜಿ ಮತ್ತು ಕಡತ ಹೀಗೆ ಮಾತಾಡಿಕೊಳ್ಳುವುದು ಆಡಳಿತದಲ್ಲಿ ಸಣ್ಣ ಸಾಧನೆಯಲ್ಲ.

ಆದರೆ ಕೊಂಡಿ ಎಷ್ಟು ಗಟ್ಟಿ ಎಂಬುದು ಅದರ ಎರಡು ತುದಿಗಳ ಮೇಲೆ ನಿಂತಿದೆ. ಪಹಣಿ ನೋಡಲು ಹೋದವರಿಗೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಆದ ಮೇಲೆ ‘ಸರ್ನಾಕ್’ ಎಂಬ ಚೌಕ ಎದುರಾಗುತ್ತದೆ. ಒತ್ತಿದರೆ ಬಹುಪಾಲು ಸಲ ಒಂದು ನಕ್ಷತ್ರದ ಗುರುತು ಮಾತ್ರ. ಅದನ್ನು ಆರಿಸಿದರಷ್ಟೇ ಹಿಸ್ಸಾ ತೆರೆದುಕೊಳ್ಳುತ್ತದೆ. ಯಂತ್ರಕ್ಕೆ ಅದು ಬೇಕೇ ಬೇಕು; ಮೊದಲ ಸಲ ನೋಡುವ ಬೆಳೆಗಾರನಿಗೆ ಅದು ಒಗಟು. ಕಳಸದವರಿಗೆ ಗೊಂದಲ ಇನ್ನೂ ಮೊದಲೇ ಶುರು. ಹಳೆಯ ಪಹಣಿಯಲ್ಲಿ ತಾಲ್ಲೂಕು ಮೂಡಿಗೆರೆ, ಹೋಬಳಿ ಕಳಸ. ಈಗ ಕಳಸವೇ ತಾಲ್ಲೂಕು.

ಇನ್ನು ವಿಸ್ತೀರ್ಣ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆಗಳ ನಡುವೆ ಚುಕ್ಕಿ ಇರುತ್ತದೆ. 2.30 ಎಂದರೆ ಎರಡು ಎಕರೆ ಮೂವತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಅದು 2.75 ಎಕರೆ. ಅಂಕಿ ‘ಭೂಮಿ’ ಕಡತದಿಂದ ನೇರ ಬಂದರೆ ತೊಂದರೆಯಿಲ್ಲ. ನಡುವೆ ಯಾರೋ ಅದನ್ನು ಎಕ್ಸೆಲ್ ಹಾಳೆಗೆ ಇಳಿಸಿಕೊಂಡರೆ ಕಂಪ್ಯೂಟರು ದಶಮಾಂಶವೆಂದೇ ಓದುತ್ತದೆ, ಹದಿನೆಂಟು ಗುಂಟೆ ಸದ್ದಿಲ್ಲದೆ ಮಾಯ. ಬಹುವಾರ್ಷಿಕ ಬೆಳೆ ಹಾನಿಗೆ ವಿಪತ್ತು ಪರಿಹಾರ ನಿಧಿಯ ದರ ಹೆಕ್ಟೇರಿಗೆ 22,500 ರೂಪಾಯಿ. ಆ ಲೆಕ್ಕದಲ್ಲಿ ಒಂದು ಚುಕ್ಕಿಯ ಬೆಲೆ ನಾಲ್ಕು ಸಾವಿರ ದಾಟುತ್ತದೆ. ಪರಿಹಾರ ಸಿಗುವುದೇ ಎರಡು ಹೆಕ್ಟೇರಿನ ಮಿತಿಯಲ್ಲಿ ಎಂದ ಮೇಲೆ ಸಣ್ಣ ಬೆಳೆಗಾರನಿಗೆ ಅದು ಬಿಡುವ ದುಡ್ಡಲ್ಲ.

ಹೆಸರಿನ ಪಾಡು ಇನ್ನೊಂದು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪಹಣಿಯಲ್ಲಿ ‘ಬಿನ್’ ಹಾಕಿ ಅಪ್ಪನ ಹೆಸರು. ಒಂದರಲ್ಲಿ ‘ಗೌಡ’ ಇದೆ, ಇನ್ನೊಂದರಲ್ಲಿ ಇಲ್ಲ. ಎಷ್ಟೋ ತೋಟಗಳ ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದೆ. ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರ ಹೆಸರು ಸಾಲಾಗಿದ್ದು ಪಾಲು ಬೇರೆ ಬರೆದಿರದಿದ್ದರೆ, ಯಾವ ತುಂಡು ಯಾರದೆಂದು ಯಾವ ತಂತ್ರಾಂಶವೂ ಹೇಳಲಾರದು. ಊರಿಗೆಲ್ಲ ಗೊತ್ತಿರುವ ಸಂಗತಿ ಅರ್ಜಿಗೆ ಮಾತ್ರ ಗೊತ್ತಿಲ್ಲ.

ಅತಿ ಕಠಿಣ ಪರೀಕ್ಷೆ ಬರುತ್ತಿರುವುದು ಯುರೋಪಿನಿಂದ. ಅಲ್ಲಿನ 2023ರ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಗೆ ಆ ಮಾರುಕಟ್ಟೆ ಬಂದ್. ಪ್ರತಿ ತಾಕಿಗೂ ಅಕ್ಷಾಂಶ ರೇಖಾಂಶ ಬೇಕು, ಅದೂ ದಶಮಾಂಶದ ಆರು ಅಂಕಿಯವರೆಗೆ. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಗಡಿರೇಖೆಯನ್ನೇ ಕೊಡಬೇಕು. ಜಾರಿಯ ದಿನ ಮುಂದೆ ಮುಂದೆ ಹೋಗಿದೆ. ಇದಕ್ಕಾಗಿ ಕಾಫಿ ಬೋರ್ಡ್ ತನ್ನ ‘ಇಂಡಿಯಾ ಕಾಫಿ’ ಆ್ಯಪ್‌ನಲ್ಲಿ ಬೆಳೆಗಾರರನ್ನು ನೋಂದಾಯಿಸುತ್ತಿದೆ. ತೊಡಕೆಂದರೆ, ಇಲ್ಲಿನ ಕಾಫಿ ಬೆಳೆಯುವುದು ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳಲ್ಲಿ. ಮೇಲಿಂದ ನೋಡಿದ ಉಪಗ್ರಹಕ್ಕೆ ತೋಟವೂ ಕಾಡೇ. ನೆರಳಿನ ಮರಗಳ ಕೊಂಬೆ ಸವರಿದರೆ ಕಾಡು ಕಡಿದಂತೆ ಕಂಡೀತು. ಒತ್ತುವರಿ ಅಥವಾ ಬಗರ್‌ಹುಕುಂ ನೆಲ ಇಟ್ಟುಕೊಂಡವರ ಅಂಜಿಕೆ ಬೇರೆಯೇ: ಇಂದು ಮಾರಾಟಕ್ಕೆಂದು ಕೊಟ್ಟ ಗುರುತು ನಾಳೆ ಇನ್ಯಾವ ಕಡತಕ್ಕೆ ಹೋಗಿ ಅಂಟಿಕೊಳ್ಳುತ್ತದೋ! ಈ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಕಡತಗಳನ್ನು ಕೂಡಿಸುವವರು ಯಾವುದು ಯಾವುದಕ್ಕೆ ಕೂಡುತ್ತದೆ ಎಂದು ಅರ್ಜಿಯ ತಲೆಯ ಮೇಲೆಯೇ ಬರೆಯಬೇಕಿತ್ತು. ಅದನ್ನು ಬರೆಯದೆ ಒಪ್ಪಿಗೆಯ ಚೌಕಕ್ಕೆ ಟಿಕ್ ಕೇಳುವುದು ಸರಿಯಲ್ಲ.

ತಂತ್ರಾಂಶ ಬರೆಯುವ ಎಂಜಿನಿಯರುಗಳು ಷರಾ ಕಲಮನ್ನು ಒಲ್ಲೆನ್ನಲು ಕಾರಣವಿದೆ. ಮನಸ್ಸಿಗೆ ಬಂದದ್ದು ಬರೆದರೆ ಕೂಡಿ ಕಳೆಯಲು ಬರುವುದಿಲ್ಲ. ಆದರೆ ಷರಾ ಇರುವುದು ಕೂಡಿ ಕಳೆಯಲಿಕ್ಕಲ್ಲ, ಗ್ರಾಮ ಆಡಳಿತ ಅಧಿಕಾರಿ ಓದಲಿಕ್ಕೆ. ‘ಅರ್ಜಿ ತಿರಸ್ಕೃತ’ ಎನ್ನುವ ಮೊದಲು ಒಬ್ಬ ಮನುಷ್ಯ ಎರಡು ಸಾಲು ಓದಲಿ ಎಂಬುದು ದುಬಾರಿ ಬೇಡಿಕೆಯೇನಲ್ಲ.

ಅಲ್ಲಿಯವರೆಗೆ, ಮುಂಗಾರು ಘಟ್ಟ ಹತ್ತುವ ಮೊದಲೇ ಎಫ್‌ಐಡಿಯ ಪ್ರತಿಯನ್ನೂ ಪಹಣಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಸರ್ವೆ ನಂಬರುಗಳೆಲ್ಲ ಸೇರಿವೆಯೇ, ಗುಂಟೆ ಸರಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಧರೆ ಕುಸಿದ ಮೇಲೆ ಸೈಬರ್ ಅಂಗಡಿಯ ಮುಂದೆ ಸಾಲು ಉದ್ದವಿರುತ್ತದೆ, ಕರೆಂಟೂ ಇರುವುದಿಲ್ಲ.