ಇಪ್ಪತ್ತೈದು ಮೆಗಾವಾಟ್‌ನ ಗೆರೆ

ಸಕಲೇಶಪುರದ ಬೆಟ್ಟಸಾಲಿನ ಪಡುವಣ ಇಳಿಜಾರಿಗೆ ಬಿದ್ದ ಮಳೆ ಎತ್ತಿನಹೊಳೆ, ಕೆಂಪುಹೊಳೆ, ಹೊಂಗಡಹಳ್ಳಗಳಾಗಿ ಹರಿದು ಗುಂಡ್ಯ ಹೊಳೆಯಾಗುತ್ತದೆ; ಕುಮಾರಧಾರೆಯನ್ನು ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ಸ್ವಲ್ಪ ದೂರದಲ್ಲೇ ನೂರಾರು ಮೀಟರ್ ಧುಮುಕುವ ಈ ನೀರು ವಿದ್ಯುತ್ ಕಂಪನಿಗಳ ಕಣ್ಣಿಗೆ ಬಿದ್ದದ್ದು ಸಹಜ. ಜನ ಮಿನಿ ಹೈಡೆಲ್ ಎಂದು ಕರೆಯುವ ಕಿರು ಜಲವಿದ್ಯುತ್ ಘಟಕಗಳು ಇಲ್ಲಿಗೆ ಬಂದದ್ದು ಹಾಗೆ. ಖಾಸಗಿ ಬಂಡವಾಳ ಶುದ್ಧ ಇಂಧನದ ಕಡೆ ತಿರುಗಿದ್ದಕ್ಕೆ ಇವು ಮಾದರಿ ಎನ್ನುವವರಿದ್ದಾರೆ. ಬಂಡವಾಳ ಬಂದದ್ದರ ಬಗ್ಗೆ ನನಗೆ ತಕರಾರಿಲ್ಲ. ತಕ್ಕ ಷರತ್ತುಗಳಿಲ್ಲದೆ ಅದನ್ನು ಕಾಡಿನೊಳಕ್ಕೆ ಬಿಟ್ಟುಕೊಂಡದ್ದು ಸರ್ಕಾರ ಮತ್ತು ಸಮಾಜ ಕೂಡಿ ಮಾಡಿದ ತಪ್ಪು.

ತಪ್ಪಿನ ಬೇರು ಒಂದು ಅಂಕಿಯಲ್ಲಿದೆ. ನಮ್ಮ ದೇಶದಲ್ಲಿ 25 ಮೆಗಾವಾಟ್‌ವರೆಗಿನ ಜಲವಿದ್ಯುತ್ ಯೋಜನೆ ‘ಕಿರು’ ಎನಿಸಿಕೊಳ್ಳುತ್ತದೆ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ 25 ಮೆಗಾವಾಟ್‌ಗಿಂತ ಕಡಿಮೆಯವನ್ನು ಪರಿಸರ ಅನುಮತಿಯಿಂದಲೇ ಹೊರಗಿಟ್ಟಿತು. ಅಧ್ಯಯನ ಬೇಡ, ಸಾರ್ವಜನಿಕ ಅಹವಾಲು ಸಭೆಯೂ ಬೇಡ. ಕರ್ನಾಟಕದ ಯೋಜನಾ ಪಟ್ಟಿಗಳಲ್ಲಿ 24.75 ಮೆಗಾವಾಟ್ ಎಂಬ ಅಂಕಿ ಮತ್ತೆ ಮತ್ತೆ ಕಾಣುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಹೊಳೆಗಾದರೋ ಮೆಗಾವಾಟ್ ಲೆಕ್ಕ ತಾಗುವುದಿಲ್ಲ. ಅಡ್ಡ ಒಡ್ಡು ಕಟ್ಟಿ, ನೀರನ್ನು ಕಾಲುವೆ-ಕೊಳವೆಗಳಲ್ಲಿ ಒಯ್ದು, ಕೆಳಗಿನ ಪವರ್‌ಹೌಸ್‌ನಲ್ಲಿ ಮರಳಿ ಬಿಟ್ಟರೆ ನಡುವಿನ ಹರಿವು ಬಡವಾಗುತ್ತದೆ. ಸುಮನ್ ಜುಮಾನಿ, ಜಗದೀಶ್ ಕೃಷ್ಣಸ್ವಾಮಿ ಮೊದಲಾದವರು ಪಶ್ಚಿಮ ಘಟ್ಟದ ಇಂಥ ಹೊಳೆಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರು ಬತ್ತಿಸಿದ ಆ ಭಾಗದಲ್ಲಿ ಉಷ್ಣತೆ ಏರಿತ್ತು, ಕರಗಿದ ಆಮ್ಲಜನಕ ಇಳಿದಿತ್ತು, ಮೀನುಗಳ ಸಮುದಾಯವೇ ಬದಲಾಗಿತ್ತು. ಒಂದೇ ಹೊಳೆಯ ಮೇಲೆ ಹೀಗೆ ಎರಡು ಮೂರು ಘಟಕ ಬಂದರೆ ಒಟ್ಟು ಪೆಟ್ಟೆಷ್ಟು ಎಂದು ಕೇಳಬೇಕಾದ ಕಚೇರಿ ಯಾವುದೂ ಇಲ್ಲ.

ಕರ್ನಾಟಕ ವಿದ್ಯುತ್ ನಿಗಮದ 200 ಮೆಗಾವಾಟ್‌ನ ಗುಂಡ್ಯ ಯೋಜನೆಯ ಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದು ದೊಡ್ಡದಾದ್ದರಿಂದಲೇ ಅಹವಾಲು ನಡೆಯಿತು, ಜನ ಎದ್ದುನಿಂತರು, ಪಶ್ಚಿಮ ಘಟ್ಟದ ಕುರಿತ ಮಾಧವ ಗಾಡ್ಗೀಳ್ ಸಮಿತಿ 2011ರ ವರದಿಯಲ್ಲಿ ಅನುಮತಿ ಬೇಡವೆಂದಿತು. ಗುಂಡ್ಯದ ಹೆಸರನ್ನೇ ಹೊತ್ತ ಕಪ್ಪೆಯೊಂದು ಬದುಕಿರುವ ಕಾಡು ಅದು. ಅದೇ ಕಾಡಿಗೆ ತುಂಡು ತುಂಡಾಗಿ ಬಂದ ಯೋಜನೆಗಳು ಆ ಪರೀಕ್ಷೆಯನ್ನು ಎದುರಿಸಲೇ ಇಲ್ಲ.

ಆನೆಯ ಮಾತು ಇಲ್ಲಿ ಬರಲೇಬೇಕು. ಆಲೂರು–ಸಕಲೇಶಪುರದ ಕಾಫಿ ತೋಟಗಳಲ್ಲಿ ಆನೆಗಳು ತಂಗಿರುವುದಕ್ಕೆ ಮಿನಿ ಹೈಡೆಲ್ ಒಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಹೇಮಾವತಿ ಜಲಾಶಯದ ಮುಳುಗಡೆ, ಪುನರ್ವಸತಿಗೆ ಹೋದ ಕಾಡು, ತೋಟಗಳ ವಿಸ್ತರಣೆ ಎಲ್ಲವೂ ಸೇರಿವೆ. ಆದರೆ ಈಗಾಗಲೇ ಹರಿದುಹಂಚಿದ ಕಾಡಿನಲ್ಲಿ ಸಿಡಿಮದ್ದು, ರಸ್ತೆ, ಕಾಲುವೆ, ವಿದ್ಯುತ್ ತಂತಿಗಳನ್ನು ಕೂಡಿಸಿದರೆ ಯಾರು ಬೆಲೆ ತೆರುತ್ತಾರೆ? ಹೈಕೋರ್ಟ್ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ಈ ಭಾಗದಿಂದ ಆನೆಗಳನ್ನು ಹಿಡಿದು ಸಾಗಿಸಲು ಶಿಫಾರಸು ಮಾಡಿತು. ನಂತರ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರೂ ಆನೆಗಳು ಇಲ್ಲಿವೆ, ಮುಂಜಾನೆ ತೋಟಕ್ಕೆ ನಡೆದುಹೋಗುವ ಕೂಲಿಯಾಳಿನ ಭಯವೂ ಇದೆ. ಆ ಅಪಾಯವನ್ನು ವಿದ್ಯುತ್ತಿನ ದರದಲ್ಲಿ ಯಾರೂ ಎಣಿಸಿಲ್ಲ.

‘ಹಾಗಾದರೆ ರಾಯಚೂರಿನ ಸ್ಥಾವರದಲ್ಲಿ ಕಲ್ಲಿದ್ದಲನ್ನೇ ಸುಡಬೇಕೇ? 1902ರಲ್ಲೇ ಶಿವನಸಮುದ್ರದಲ್ಲಿ ನೀರಿನಿಂದ ವಿದ್ಯುತ್ ತೆಗೆದ ನಾಡಲ್ಲವೇ ಇದು?’ ಎಂಬ ಆಕ್ಷೇಪಕ್ಕೆ ತೂಕವಿದೆ. ಹವಾಮಾನ ಬದಲಾವಣೆ ಕಾಫಿಗೂ ಕೇಡು. ಹೂ ಮಳೆ ತಪ್ಪಿದ ವರ್ಷ ಬೆಳೆಗಾರನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಾಲದ ಲೆಕ್ಕ ನೋಡಿ. ನೀರನ್ನು ಹಿಡಿದಿಡುವ ಜಲಾಶಯವಿಲ್ಲದ ಈ ಘಟಕಗಳು ಮಳೆಗಾಲದಲ್ಲಿ ಹೆಚ್ಚು ಉತ್ಪಾದಿಸುತ್ತವೆ. ರಾಜ್ಯದ ಬೇಡಿಕೆ ತುದಿಗೇರುವ ಮಾರ್ಚ್-ಏಪ್ರಿಲ್‌ನಲ್ಲಿ ಹಳ್ಳಗಳೇ ಸೊರಗಿರುತ್ತವೆ. ಆ ತಿಂಗಳುಗಳಲ್ಲಿ ಕೈಹಿಡಿಯುವುದು ಬಿಸಿಲು. 2,050 ಮೆಗಾವಾಟ್‌ನ ಪಾವಗಡ ಸೌರ ಪಾರ್ಕ್ ರೈತರ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಏರುತ್ತ ಹೋಗುವ ಗುತ್ತಿಗೆಗೆ ಪಡೆಯಿತು. ಅಲ್ಲಿ ಭೂಮಿಯಿಲ್ಲದ ಕೂಲಿಕಾರರಿಗೆ ಏನು ದಕ್ಕಿತು ಎಂಬ ಪ್ರಶ್ನೆ ಉಳಿದಿದೆ, ನಿಜ. ಆದರೂ ಸ್ಥಳೀಯರಿಗೆ ವರಮಾನದಲ್ಲಿ ಪಾಲು ಕೊಡಬಹುದೆಂಬುದನ್ನು ಅದು ತೋರಿಸಿದೆ.

ಮಲೆನಾಡಿನಲ್ಲಿ ಬಿಸಿಲಿಲ್ಲ ಎನ್ನುವುದು ಅರ್ಧ ಸತ್ಯ. ರೊಬಸ್ಟಾ ತೋಟಗಳಿಗೆ ಸ್ಪ್ರಿಂಕ್ಲರ್ ಹಾಕುವ ಫೆಬ್ರುವರಿ-ಮಾರ್ಚ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಡೀಸೆಲ್ ಪಂಪುಗಳು ಗುಡುಗುತ್ತಿರುತ್ತವೆ. ಸೌರ ಪಂಪುಗಳಿಗೆ ಸಿಗುವ ಪಿಎಂ-ಕುಸುಮ್ ಯೋಜನೆಯ ಸಹಾಯಧನ ಬಹುಮಟ್ಟಿಗೆ 7.5 ಅಶ್ವಶಕ್ತಿಯ ಪಂಪಿಗೆ ಸೀಮಿತವಾಗಿರುವುದರಿಂದ ಇಲ್ಲಿನ ಎತ್ತರಕ್ಕೂ ಒತ್ತಡಕ್ಕೂ ಅದು ಸಾಲದು. ಬೆಳೆಗಾರರ ಸಂಘಗಳು ಹೋರಾಡಬೇಕಾದ ವಿಷಯವಿದು. ಮೋಡದ ತಿಂಗಳಿಗೆ, ತೋಟದ ಝರಿಯಿಂದಲೇ ಒಂದು ಮನೆಗೆ ಬೆಳಕು ಕೊಡುವ ಸುಮಾರು ಒಂದು ಕಿಲೋವಾಟ್‌ನ ಟರ್ಬೈನ್‌ಗಳು ಮಲೆನಾಡಿನಲ್ಲಿ ಈಗಾಗಲೇ ಇವೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಿಂದ ಹರಿದು ಹಳ್ಳ ಕೆಡಿಸುವ ನೀರಿನಿಂದ ಅನಿಲ ತೆಗೆಯುವುದನ್ನು ಮಧ್ಯ ಅಮೆರಿಕದ ಕಾಫಿ ನಾಡುಗಳು ಮಾಡಿ ತೋರಿಸಿವೆ.

ಹೊಸ ಮಿನಿ ಹೈಡೆಲ್‌ಗೆ ಇಡೀ ಹೊಳೆಯ ಒಟ್ಟು ಪರಿಣಾಮದ ಅಧ್ಯಯನವಿಲ್ಲದೆ ಅನುಮತಿ ಕೊಡಕೂಡದು. ನಡೆಯುತ್ತಿರುವ ಘಟಕಗಳು ಬೇಸಿಗೆಯಲ್ಲಿ ಎಷ್ಟು ನೀರು ಕೆಳಕ್ಕೆ ಬಿಡುತ್ತಿವೆ ಎಂಬ ದಿನದಿನದ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಇಷ್ಟನ್ನು ಒಪ್ಪದ ಕಂಪನಿಯ ವಿದ್ಯುತ್ತಿಗೆ ಶುದ್ಧವೆಂಬ ಹೆಸರನ್ನು ನಾವು ಕೊಡಬಾರದು.